ಆರೋಗ್ಯ ಖಾತೆಯ ಹಸ್ತಾಂತರ

ಆ ಮನೆಯಲ್ಲಿ ಆರೋಗ್ಯ ಖಾತೆ ಮೊದಲಿನಿಂದಲೂ ಅತ್ತೆಯ ಕೈಯಲ್ಲಿತ್ತು. ಯಾರ ಕೈ ಸುಟ್ಟರೂ ಅವರ ಔಷಧಿ ಒಂದೇ: ಟೂತ್‌ಪೇಸ್ಟ್. (ಹಲ್ಲುನೋವಿಗೆ ಮಾತ್ರ ಅದನ್ನು ಹಚ್ಚುತ್ತಿರಲಿಲ್ಲ.) ಸೊಸೆ ಹೊಸದಾಗಿ ಬಂದ ವರ್ಷ ಅವಳ ಮುಂಗೈಗೆ ಕಾದ ಎಣ್ಣೆ ಸಿಡಿದಾಗಲೂ ಅದನ್ನೇ ಮೆತ್ತಿದ್ದರು. ಗಾಯದಲ್ಲಿ ಕೀವು ತುಂಬಿ, ವಾಸಿಯಾದ ಮೇಲೂ ಕಲೆ ಉಳಿಯಿತು. ಅದನ್ನು ಕಂಡಾಗಲೆಲ್ಲ ಅವಳಿಗೆ ಇವತ್ತಿಗೂ ಮೈ ಉರಿಯುತ್ತದೆ.

ಹಾಗಾಗಿ ಅವಳು ಕೆಲಸ ಮಾಡುವ ಬಟ್ಟೆ ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ನಡೆದಾಗ ಮುಂದಿನ ಸಾಲಿನಲ್ಲೇ ಹೋಗಿ ಕೂತಳು. ಮನೆಗೆ ಬಂದವಳೇ ಸಾರಿಬಿಟ್ಟಳು.

"ಇನ್ಮೇಲೆ ಈ ಮನೇಲಿ ಯಾರಿಗೆ ಏನಾದ್ರೂ ನಾನೇ ನೋಡ್ಕೋತೀನಿ."

"ನೋಡೋಣ," ಎಂದರು ಅತ್ತೆ.

ನೋಡುವ ಯೋಗ ಭಾನುವಾರ ಬೆಳಿಗ್ಗೆಯೇ ಕೂಡಿಬಂತು. ಗಂಡ ಮಹಾಶಯ ಉಕ್ಕುತ್ತಿದ್ದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಲು ಹೋದ. (ಬಟ್ಟೆ ಹಿಡಿದು ಇಳಿಸಬೇಕೆಂದು ಅವನಿಗೆ ಗೊತ್ತಿತ್ತು, ಬಟ್ಟೆ ಎಲ್ಲಿರುತ್ತದೆಂದು ಗೊತ್ತಿರಲಿಲ್ಲ.) ಅವನ ಆರ್ತನಾದ ಕೇಳಿ ಅತ್ತೆ ಟೂತ್‌ಪೇಸ್ಟ್ ಹಿಡಿದು ಓಡಿಬಂದರು. ಸೊಸೆ ಅಡ್ಡ ನಿಂತಳು.

"ದಾರಿ ಬಿಡು. ಅವನು ನನ್ನ ಮಗ."

"ಸುಟ್ಕೊಂಡಿರೋದು ನನ್ನ ಗಂಡ. ಪೇಸ್ಟಿನ ಮುಚ್ಚಳ ಹಾಕಿ ಅತ್ತೆ."

ಗಂಡನ ಕೈಯನ್ನು ನಲ್ಲಿಯ ಕೆಳಗೆ ಹಿಡಿದವಳು ಇಪ್ಪತ್ತು ನಿಮಿಷ ಬಿಡಲೇ ಇಲ್ಲ.

"ಟ್ಯಾಂಕ್ ಖಾಲಿಯಾಗುತ್ತೆ ಕಣೇ," ಎಂದು ಗಂಡ ನರಳಿದ.

"ಆಗ್ಲಿ."

"ಐಸಾದ್ರೂ ಇಡೇ."

"ಐಸೂ ಇಲ್ಲ, ಬೆಣ್ಣೇನೂ ಇಲ್ಲ. ಸುಮ್ನೆ ನಿಂತ್ಕೊಳ್ಳಿ."

"ಗುಳ್ಳೆ ಏಳ್ಲಿ, ಆಮೇಲೆ ಮಾತಾಡ್ತೀನಿ," ಎಂದು ಅತ್ತೆ ಕುರ್ಚಿ ಎಳೆದುಕೊಂಡು ಕಾವಲು ಕೂತರು. ಸಂಜೆಯಾದರೂ ಗುಳ್ಳೆ ಏಳಲಿಲ್ಲ. ಅತ್ತೆ ಮಾತಾಡದೆ ಟೂತ್‌ಪೇಸ್ಟನ್ನು ಬಚ್ಚಲುಮನೆಗೆ ವಾಪಸ್ ಕಳಿಸಿದರು.

ಸೊಸೆ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ತರಬೇತಿಯಲ್ಲಿ ಮನಸ್ಸಿನ ಪೆಟ್ಟಿಗೂ ಪಾಠವಿತ್ತಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ಸೋಫಾದಲ್ಲಿ ಗಂಡನ ಪಕ್ಕ ಕೂತು ಅದನ್ನೂ ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಒಪ್ಪಿಸಿದಳು: "ನೊಂದವರ ಪಕ್ಕ ಕೂತು ಕೇಳಿಸ್ಕೋಬೇಕು. ಮಧ್ಯೆ ಬಾಯಿ ಹಾಕಬಾರ್ದು, ಬುದ್ಧಿ ಹೇಳಬಾರ್ದು. ಈಗ ಹೇಳಿ, ನಿಮ್ಮ ಮನಸ್ಸಿಗೆ ಹೇಗನ್ನಿಸ್ತಿದೆ?"

ಮದುವೆಯಾದಾಗಿನಿಂದ ಗಂಡನನ್ನು ಯಾರೂ ಹೀಗೆ ಕೇಳಿರಲಿಲ್ಲ. ಹಾಲಿನಿಂದ ಶುರು ಮಾಡಿದವನು ಕೈತಪ್ಪಿದ ಬಡ್ತಿಗೆ ಬಂದು, ಅಲ್ಲಿಂದ ಹೈಸ್ಕೂಲಿನಲ್ಲಿ ಬೆಂಚು ಹತ್ತಿಸಿದ ಗಣಿತದ ಮೇಷ್ಟ್ರವರೆಗೂ ಹೋದ. "ಬಟ್ಟೆ ಒಲೆ ಪಕ್ಕದಲ್ಲೇ ಇತ್ತಲ್ರೀ" ಎಂಬ ಮಾತು ಅವಳ ನಾಲಿಗೆ ತುದಿಗೆ ಬಂದು ಬಂದು ಹೋಯಿತು. ಅತ್ತೆಯ ಎದುರಿಗೆ ಸೋಲುವುದುಂಟೇ? ನುಂಗಿಕೊಂಡಳು.

ಮನಸ್ಸು ಹಗುರವಾಗಿ ಗಂಡ ಸೋಫಾದಲ್ಲೇ ನಿದ್ದೆ ಹೋದ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ಅತ್ತೆ, ಕುರ್ಚಿಯನ್ನು ಸೊಸೆಯ ಎದುರಿಗೇ ತಂದು ಹಾಕಿಕೊಂಡರು.

"ನಿನ್ನ ಮದ್ದು ಚೆನ್ನಾಗೇ ಇದೆ. ಖಾತೆ ನೀನೇ ಇಟ್ಕೋ."

ಸೊಸೆಯ ಮುಖ ಅರಳಿತು.

"ಮಧ್ಯೆ ಬಾಯಿ ಹಾಕಬಾರ್ದು, ಅಲ್ವಾ?"

"ಹಾಕಲೇಬಾರ್ದು ಅತ್ತೆ."

"ಬುದ್ಧೀನೂ ಹೇಳಬಾರ್ದು?"

"ಉಹೂಂ, ಹೇಳಬಾರ್ದು."

ಅತ್ತೆ ಕಾಲು ಚಾಚಿಕೊಂಡು ಆರಾಮಾಗಿ ಕೂತರು. "ಹಾಗಾದ್ರೆ ನೀನು ಈ ಮನೆಗೆ ಬಂದ ದಿನದಿಂದ ಶುರು ಮಾಡ್ತೀನಿ."