ಬಾಸ್ಟನ್ ಸೋಲುತ್ತದೆ ಎಂದೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಭವಿಷ್ಯ ಹೇಳುವ ಚಟ. ಹಾಗೆಂದ ಕೂಡಲೇ ನೀವು ಅಂಗೈ ಮುಂದೆ ಚಾಚಬೇಡಿ. ಮದುವೆ, ಮಕ್ಕಳು, ಮನೆ ಕಟ್ಟುವ ಯೋಗ ಇವೆಲ್ಲ ನನಗೆ ತಿಳಿಯದು. ನಾನು ಹೇಳುವುದು ಅಮೆರಿಕದವರ ಬೇಸ್‌ಬಾಲ್ ಆಟದ ಭವಿಷ್ಯ, ಅದೂ ಅಕ್ಟೋಬರ್ ತಿಂಗಳಿನಲ್ಲಿ ಮಾತ್ರ. ಬೇಸಿಗೆಯುದ್ದಕ್ಕೂ ಆಡಿ ದಣಿದ ತಂಡಗಳಲ್ಲಿ ಮೇಲೆ ಬಂದ ಕೆಲವು ತಂಡಗಳು ಆಗ ಪ್ಲೇಆಫ್ ಎಂಬ ಹೆಸರಿನಲ್ಲಿ ಒಂದನ್ನೊಂದು ಮನೆಗೆ ಕಳಿಸುತ್ತಾ ಹೋಗಿ, ಕೊನೆಗೆ ಒಂದೇ ಉಳಿಯುತ್ತದೆ. ಆ ಒಂದು ಯಾವುದೆಂದು ನಾನು ಮೊದಲೇ ಹೇಳಿಬಿಡುತ್ತೇನೆ. ಅದು ನಾನು ಹೇಳಿದ ತಂಡವಾಗಿರುವುದಿಲ್ಲ ಎನ್ನುವುದು ಬೇರೆ ವಿಷಯ.

ಮೈಸೂರಿನಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡಿ ಬೆಳೆದವನಿಗೆ, ಲಂಡನ್ನಿನ ಸಟನ್‌ನಲ್ಲಿ ಮನೆ ಮಾಡಿಕೊಂಡವನಿಗೆ, ಈ ಆಟ ಎಲ್ಲಿಂದ ಗಂಟುಬಿತ್ತು ಎಂದು ಕೇಳುತ್ತೀರಿ. ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಆಸ್ಪತ್ರೆಗೆ ಒಬ್ಬ ಅಮೆರಿಕದ ಡಾಕ್ಟರು ಒಂದು ವರ್ಷದ ಮಟ್ಟಿಗೆ ಬಂದಿದ್ದ. ಹಿಂದಿರುಗುವಾಗ ಅವನು ನನ್ನ ಬಳಿ ಬಿಟ್ಟುಹೋದದ್ದು ಒಂದು ಛತ್ರಿ ಮತ್ತು ಈ ರೋಗ. ಛತ್ರಿ ಮುಂದಿನ ಚಳಿಗಾಲದಲ್ಲೇ ಮುರಿಯಿತು. ನನ್ನ ಕೆಲಸ ಅರಿವಳಿಕೆ ಕೊಡುವುದು. ಆಪರೇಷನ್ ಟೇಬಲ್ಲಿನ ಮೇಲೆ ಹೆದರಿ ಮಲಗಿದವರ ಜೊತೆ ಏನಾದರೂ ಮಾತಾಡುತ್ತಾ ಸೂಜಿ ಹಾಕಬೇಕು. ಅಕ್ಟೋಬರಿನಲ್ಲಿ ನಾನು ಪ್ಲೇಆಫಿನ ವಿಷಯ ತೆಗೆಯುತ್ತಿದ್ದೆ. ಔಷಧಿ ಇನ್ನೂ ಸಿರಿಂಜಿನಲ್ಲಿರುವಾಗಲೇ ಕೆಲವರಿಗೆ ಕಣ್ಣು ಎಳೆಯುತ್ತಿತ್ತು ಎಂದು ನಮ್ಮ ನರ್ಸುಗಳು ಹೇಳಿ ನಗುತ್ತಿದ್ದರು.

ಆಟಗಳು ಇಲ್ಲಿನ ಹೊತ್ತಿಗೆ ಅಪರಾತ್ರಿಯಲ್ಲಿ ನಡೆಯುತ್ತಿದ್ದರಿಂದ ನಾನು ವಿ.ಸಿ.ಆರ್.ಗೆ ಕ್ಯಾಸೆಟ್ ತುರುಕಿ ಮಲಗಿ, ಮರುದಿನ ಸಂಜೆ ನೋಡುತ್ತಿದ್ದೆ. ಫಲಿತಾಂಶ ಕಿವಿಗೆ ಬೀಳದಂತೆ ಇಡೀ ದಿನ ಕಳೆಯುವುದು ಕಷ್ಟವಲ್ಲವೇ ಎಂದು ಬೆಂಗಳೂರಿನ ಒಬ್ಬ ಗೆಳೆಯ ಕೇಳಿದ್ದ. ಏನೂ ಕಷ್ಟವಿರಲಿಲ್ಲ. ಟ್ಯೂಬ್ ರೈಲಿನಲ್ಲಿ ಹೋಗಿ, ಬಸ್ಸಿನಲ್ಲಿ ಬಂದು, ಕ್ಯಾಂಟೀನಿನಲ್ಲಿ ಕೂತು ಬೇಕಾದರೆ ಬೇಡಿಕೊಂಡರೂ ಲಂಡನ್ನಿನಲ್ಲಿ ಅದನ್ನು ಹೇಳುವವರು ಸಿಗುತ್ತಿರಲಿಲ್ಲ. ಕಷ್ಟವಾದದ್ದು ಒಮ್ಮೆ ಮಾತ್ರ. ಧಾರವಾಡದಲ್ಲಿ ನಡೆದ ನನ್ನ ನಾದಿನಿಯ ಮದುವೆಯ ಕ್ಯಾಸೆಟ್ಟಿನ ಮೇಲೆ ಒಂದು ಆಟ ರೆಕಾರ್ಡ್ ಆಗಿಬಿಟ್ಟಿತ್ತು. ನನ್ನ ಹೆಂಡತಿ ಗಿರಿಜಾ ತಂಗಿಯ ಅಕ್ಷತೆ ನೋಡಲು ಕೂತರೆ, ಟೋಪಿ ಹಾಕಿದ ಒಬ್ಬ ದಡಿಯ ತೆರೆಯ ತುಂಬ ನಿಂತು ತಂಬಾಕು ಉಗುಳುತ್ತಿದ್ದ. "ಇಂವ ಯಾವ ಕಡೀ ಬೀಗ?" ಎಂದಷ್ಟೇ ಕೇಳಿದಳು. ಒಂದು ವಾರ ಬೇರೆ ಮಾತಾಡಲಿಲ್ಲ.

ನನ್ನ ಭವಿಷ್ಯಗಳ ಬಗ್ಗೆ ಹೇಳಬೇಕೆಂದರೆ, ಮೊದಲ ವರ್ಷಗಳಲ್ಲಿ ನಾನು ಅಟ್ಲಾಂಟಾ ಗೆಲ್ಲುತ್ತದೆ ಎನ್ನುತ್ತಿದ್ದೆ. ಅಲ್ಲಿನ ಚೆಂಡೆಸೆಯುವವರು ಅಷ್ಟು ಚೆನ್ನಾಗಿದ್ದರು. ಅಟ್ಲಾಂಟಾ ಪ್ರತಿಸಲವೂ ಬಾಗಿಲವರೆಗೆ ಬಂದು ಹಿಂದಿರುಗುತ್ತಿತ್ತು. ಆಮೇಲೊಂದು ವರ್ಷ ಆಟಗಾರರೆಲ್ಲ ಮುಷ್ಕರ ಹೂಡಿ ಪ್ಲೇಆಫ್ ನಡೆಯಲೇ ಇಲ್ಲ. ನನ್ನ ಭವಿಷ್ಯ ಸುಳ್ಳಾಗದೆ ಉಳಿದದ್ದು ಆ ವರ್ಷ ಮಾತ್ರ. ಕೊನೆಗೆ ಬೇಸತ್ತು ನಾನು ಅಟ್ಲಾಂಟಾದ ಕೈಬಿಟ್ಟೆ. ಬಿಟ್ಟ ವರ್ಷವೇ ಅದು ಗೆದ್ದಿತು.

ಇಂಥ ನನ್ನನ್ನು ನಂಬಿ ಒಬ್ಬರು ಫೋನ್ ಮಾಡುತ್ತಿದ್ದರೆಂದರೆ ನೀವು ನಂಬಲಿಕ್ಕಿಲ್ಲ. ಅವರು ಲಂಡನ್ನಿನ ಇನ್ನೊಂದು ತುದಿಯ ರೇನರ್ಸ್ ಲೇನ್‌ನ ಪಾಟೀಲರು. ವಿಜಾಪುರದ ಕಡೆಯವರು, ಇಲ್ಲಿ ಕೌನ್ಸಿಲ್ಲಿನಲ್ಲಿ ರಸ್ತೆ ಇಂಜಿನಿಯರಾಗಿದ್ದು ನಿವೃತ್ತರಾದವರು. ಯುಗಾದಿಗೂ ದೀಪಾವಳಿಗೂ ಕನ್ನಡದವರು ಸೇರುವ ಕಡೆ ನಮಗೆ ಪರಿಚಯ. ಅವರಿಗೂ ಆಟಕ್ಕೂ ಸಂಬಂಧವಿರಲಿಲ್ಲ. ಅವರ ಒಬ್ಬಳೇ ಮಗಳು ಸವಿತಾ ವಾಸ್ತುಶಿಲ್ಪ ಓದಿ ಕೆಲಸಕ್ಕೆಂದು ಬಾಸ್ಟನ್ನಿಗೆ ಹೋದವಳು, ಅಲ್ಲಿಯ ಡ್ಯಾನ್ ಎಂಬ ಹುಡುಗನನ್ನು ಮದುವೆಯಾದಳು. ಪಾಟೀಲರು ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಮದುವೆಗೆ ಹೋಗಿಬಂದರು. ಫೋಟೋಗಳಲ್ಲೆಲ್ಲ ಹಲ್ಲುನೋವು ಬಂದವರಂತೆ ನಿಂತಿದ್ದರು.

ಆಮೇಲೆ ಪ್ರತಿ ಭಾನುವಾರ ಬಾಸ್ಟನ್ನಿನಿಂದ ಫೋನ್ ಬರುತ್ತಿತ್ತು. ಸವಿತಾ ಅಮ್ಮನ ಹತ್ತಿರ ಮಾತಾಡಿ, ಅಪ್ಪನ ಹತ್ತಿರ ಮಾತಾಡಿ, ಕೊನೆಗೆ ಫೋನನ್ನು ಗಂಡನ ಕೈಗೆ ಕೊಡುತ್ತಿದ್ದಳು. ತೊಡಕು ಅಲ್ಲಿಂದ ಶುರು. "ಅಲ್ಲೆ ಛಳಿ ಏನ್ರೀ ಅಂತ ಕೇಳ್ತೀನಿ, ಹೌದು ಸರ್ ಅಂತಾನ. ಅಂವ ಅಲ್ಲಿ ಮಳಿ ಏನು ಅಂತ ಕೇಳ್ತಾನ, ನಾ ಹೌದು ಅಂತೀನಿ. ಮುಂದ ಇಬ್ಬರೂ ಉಸಿರಾಡಕೋತ ನಿಂದರ್ತೀವ್ರೀ ಡಾಕ್ಟ್ರ" ಎಂದು ಪಾಟೀಲರು ಒಮ್ಮೆ ನನ್ನ ಹತ್ತಿರ ತೋಡಿಕೊಂಡರು. "ಮಗಳು ಆ ಕಡೆ ನಿಂತು ಕೇಳಸ್ಕೋತಿರ್ತಾಳ. ಅಪ್ಪಗ ನನ್ನ ಗಂಡ ಸೇರೂದಿಲ್ಲ ಅಂತ ತಿಳ್ಕೊಂಡಾಳ. ಹಂಗೇನಿಲ್ಲರೀ. ಹುಡುಗ ಛಲೋ ಇದ್ದಾನ. ಮಾತ ಬರೂದಿಲ್ಲ, ಏನ್ ಮಾಡ್ಲಿ?" ಹಾಗೆನ್ನುವಾಗ ಅವರ ಕಣ್ಣು ನೋಡಿ ನನಗೆ ತಮಾಷೆ ಮಾಡಲು ಮನಸ್ಸಾಗಲಿಲ್ಲ.

ಬಾಸ್ಟನ್ನಿನ ಜನಕ್ಕೆ ಬೇಸ್‌ಬಾಲ್ ಎಂದರೆ ಪ್ರಾಣ ಎಂದು ಅವರಿಗೆ ಹೇಳಿದವನು ನಾನೇ. ಮುಂದಿನ ಭಾನುವಾರ ಪಾಟೀಲರು ಧೈರ್ಯ ಮಾಡಿ, ನಿಮ್ಮ ಬೇಸ್‌ಬಾಲ್ ಹೇಗೆ ನಡೆದಿದೆ ಎಂದು ಅಳಿಯನನ್ನು ಕೇಳಿದರು. ಅತ್ತಲಿಂದ ಮೊದಲು ಒಂದು ಕೆಮ್ಮು ಕೇಳಿಸಿತು. ಆಮೇಲೆ ಡ್ಯಾನ್ ಉತ್ಸಾಹದಿಂದ, ಬಹಳ ಚೆನ್ನಾಗಿದೆ ಸರ್, ನಿಮಗೂ ಆಸಕ್ತಿಯಿದೆಯೇ ಎಂದನಂತೆ. "ಭಾಳ ಐತಿ ಅಂದುಬಿಟ್ಟೀನ್ರೀ. ಅಂವ ಭಾರಿ ಹುಚ್ಚ ಇದ್ದಾನ ಕಾಣ್ತೈತಿ. ಇನ್ನ ನೀವ ನನಗ ದಾರಿ" ಎಂದು ಪಾಟೀಲರು ಅಂದೇ ನನಗೆ ಫೋನ್ ಮಾಡಿದರು.

ಅಲ್ಲಿಂದ ಪ್ರತಿ ಅಕ್ಟೋಬರಿನಲ್ಲಿ ನನ್ನ ಭವಿಷ್ಯಗಳು ಸಟನ್‌ನಿಂದ ಹೊರಟು, ರೇನರ್ಸ್ ಲೇನ್‌ನಲ್ಲಿ ಪಾಟೀಲರ ಭವಿಷ್ಯಗಳಾಗಿ ಬದಲಾಗಿ, ಬಾಸ್ಟನ್ ಸೇರತೊಡಗಿದವು. ದಾರಿಯಲ್ಲಿ ಒಂದಿಷ್ಟು ಸವೆಯುತ್ತಲೂ ಇದ್ದವು. ಚೆಂಡೆಸೆಯುವವನನ್ನು ನಾನು ಪಿಚರ್ ಎಂದದ್ದು ಅವರ ಬಾಯಲ್ಲಿ ಕ್ರಿಕೆಟ್ಟಿನ ಬೌಲರ್ ಆಗುತ್ತಿತ್ತು. ಎಲ್ಲವೂ ಸುಳ್ಳಾದಾಗ ನಾನು ಕ್ಷಮೆ ಕೇಳಿದರೆ ಪಾಟೀಲರು ಹಿಗ್ಗಿನಿಂದ, "ನಕ್ಕನ್ರೀ! ಸರ್, ನೀವು ಹೇಳಿದ್ದು ಈ ವರ್ಷವೂ ತಪ್ಪಿತು ಅಂತ ಹೊಟ್ಟಿ ತುಂಬ ನಕ್ಕ. ಸವಿತಾನೂ ನಕ್ಕಳು. ಹಿಂಗ ಹೇಳ್ಕೋತ ಇರ್ರಿ" ಎಂದರು. ಸಂತೋಷವಾಯಿತು. ಎದೆಯ ಒಂದು ಮೂಲೆಯಲ್ಲಿ ಚುರುಕ್ಕೆಂದದ್ದೂ ನಿಜ. ಒಂದು ಸಲ ಸರಿಯಾಗಿ ಹೇಳಿದರೆ ಇವರು ಏನೆಂದಾರು ಎಂದು ಯೋಚಿಸುತ್ತಿದ್ದೆ.

ಕೆಲವು ವರ್ಷಗಳ ನಂತರ ಒಂದು ಅಕ್ಟೋಬರಿನಲ್ಲಿ ಸವಿತಾ, ಡ್ಯಾನ್ ತಮ್ಮ ಪುಟ್ಟ ಮಗನನ್ನು ಎತ್ತಿಕೊಂಡು ರೇನರ್ಸ್ ಲೇನ್‌ಗೆ ಬಂದರು. ಸರಿಯಾಗಿ ಆ ವಾರವೇ ಬಾಸ್ಟನ್ನಿನ ತಂಡ ಫೈನಲ್ಲಿಗೆ ಹೋಗಲು ನ್ಯೂಯಾರ್ಕಿನ ಜೊತೆ ಆಡುತ್ತಿತ್ತು. ಏಳು ಆಟಗಳಲ್ಲಿ ಯಾರು ಮೊದಲು ನಾಲ್ಕು ಗೆಲ್ಲುತ್ತಾರೋ ಅವರು ಮುಂದೆ. ಬಾಸ್ಟನ್ ಮೊದಲ ಮೂರನ್ನೂ ಸೋತು ಕೂತಿತು. ಮೂರು ಸೋತವರು ಎದ್ದು ನಿಂತು ನಾಲ್ಕು ಗೆದ್ದದ್ದು ಆ ಆಟದ ಚರಿತ್ರೆಯಲ್ಲೇ ಇರಲಿಲ್ಲ. ನಮ್ಮ ಅಜ್ಜಂದಿರ ಕಾಲದಿಂದ ಕಪ್ ಗೆಲ್ಲದ ಊರು ಬೇರೆ. ಆ ಭಾನುವಾರ ಪಾಟೀಲರು ನಮ್ಮನ್ನು ಊಟಕ್ಕೆ ಕರೆದಿದ್ದರು. ಸಂಜೆಗೆ ಕಾಯದೆ ಮೂರನೆಯ ಆಟದ ಕ್ಯಾಸೆಟ್ಟನ್ನು ಬೆಳಿಗ್ಗೆಯೇ ನೋಡಿ ಹೊರಟೆ. ಕಾರಿನಲ್ಲಿ ಗಿರಿಜಾ ಚಿರೋಟಿಯ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು, "ಇವತ್ತ ಆ ಹುಡುಗನ ಮುಂದ ನಿಮ್ಮ ಭವಿಷ್ಯ ತಗೀಬ್ಯಾಡ್ರಿ. ಪಾಪ, ಅವನ ಊರು ಸೋಲ್ಲಿಕ್ಕೆ ಹತ್ತೇದ" ಎಂದಳು. ನಾನು ಹೂಂ ಎಂದೆ. ಬಾಸ್ಟನ್ ಸೋಲುತ್ತದೆ ಎಂದು ಈ ಸಲ ನಾನು ಹೇಳಿದ್ದು ತಪ್ಪುವ ಹಾಗೆಯೇ ಇಲ್ಲವಲ್ಲ ಎಂಬ ಸಂತೋಷ ಒಳಗೆ ಉಕ್ಕುತ್ತಿತ್ತು.

ಕಾರು ನಿಲ್ಲಿಸಲು ಸಹಾಯ ಮಾಡುವವರಂತೆ ಪಾಟೀಲರು ಹೊರಗೆ ಓಡಿಬಂದರು. ಕಿಟಕಿಗೆ ಬಗ್ಗಿ, "ನಿನ್ನಿ ಏನಾತ್ರೀ? ಜಲ್ದಿ ಹೇಳ್ರಿ, ಅಂವ ಒಳಗ ಕುಂತಾನ" ಎಂದರು. "ಸೋತ್ರು ಪಾಟೀಲ್ರೇ, ಹೀನಾಯವಾಗಿ ಸೋತ್ರು. ಬಾಸ್ಟನ್ ಕಥೆ ಮುಗೀತು. ನಾನು ಬರ್ಕೊಡ್ತೀನಿ ಬೇಕಾದ್ರೆ" ಎಂದೆ.

ಊಟಕ್ಕೆ ಕೂತೆವು. ಅಡುಗೆಮನೆಯಲ್ಲಿ ಪಾಟೀಲರ ಹೆಂಡತಿ ಶಾಂತಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದರು. ಸವಿತಾ ಬಿಸಿಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ತಂದು ಬಡಿಸುತ್ತಿದ್ದಳು. ಡ್ಯಾನ್ ಎತ್ತರದ, ಮೆತ್ತಗಿನ ಮಾತಿನ ಹುಡುಗ. ಪಾಟೀಲರು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ, ಬಾಸ್ಟನ್ ಕಥೆ ಮುಗಿಯಿತು ಡ್ಯಾನ್, ಬೌಲಿಂಗ್ ಬಹಳ ಕಳಪೆ ಎಂದು ಘೋಷಿಸಿದರು. ಡ್ಯಾನ್ ಗಂಭೀರವಾಗಿ ತಲೆಯಾಡಿಸಿ, ನಿಜ ಸರ್, ಬೌಲಿಂಗೇ ಕೈಕೊಟ್ಟಿತು ಎಂದ. ನನ್ನ ಕೈಯ ತುತ್ತು ಬಾಯಿಗೆ ಬರುವ ದಾರಿಯಲ್ಲಿ ನಿಂತಿತು. ಬಾಸ್ಟನ್ನಿನಲ್ಲಿ ಹುಟ್ಟಿ ಬೆಳೆದವನು ಬೇಸ್‌ಬಾಲಿನಲ್ಲಿ ಬೌಲಿಂಗ್ ಎನ್ನುವುದುಂಟೇ? ಮಾವನ ಮೇಲಿನ ಮರ್ಯಾದೆಗೆ ಅಂದಿರಬೇಕು ಎಂದುಕೊಂಡೆ.

ಕೈತೊಳೆಯಲು ಹೋದಾಗ ಡ್ಯಾನ್ ನನ್ನ ಹಿಂದೆಯೇ ಬಂದ. ಬಾಗಿಲು ಮುಂದೆ ಮಾಡಿ ಪಿಸುಮಾತಿನಲ್ಲಿ, "ಡಾಕ್ಟರ್, ನಿಮ್ಮಿಂದ ಒಂದು ಉಪಕಾರವಾಗಬೇಕು. ನಿನ್ನೆಯ ಆಟದಲ್ಲಿ ಏನಾಯಿತು ಅಂತ ಸ್ವಲ್ಪ ಹೇಳ್ತೀರಾ?" ಎಂದ. ನಿಮ್ಮ ಊರಿನ ಆಟ ನಿಮಗೇ ಗೊತ್ತಿಲ್ಲವೇ ಎಂದೆ. ಅವನು ಮುಖ ಕೆಂಪಾಗಿ ಹೇಳಿಕೊಂಡ: ಅವನಿಗೆ ಈ ಆಟ ಚಿಕ್ಕಂದಿನಿಂದ ಬೇಸರ. ಮಾವನವರಿಗೆ ಪ್ರಾಣವೆಂದು ಗೊತ್ತಾದ ದಿನದಿಂದ, ಆಫೀಸಿನಲ್ಲಿ ಪಕ್ಕದ ಮೇಜಿನವನನ್ನು ಕೇಳಿ ಕೇಳಿ ಪ್ರತಿ ಭಾನುವಾರ ತಯಾರಾಗುತ್ತಿದ್ದ. ಇಲ್ಲಿ ಆ ಪಕ್ಕದ ಮೇಜಿನವನಿಲ್ಲ. "ಅವರು ಲಂಡನ್ನಿನಲ್ಲಿದ್ದುಕೊಂಡು ಎಷ್ಟು ತಿಳಿದುಕೊಂಡಿದ್ದಾರೆ! ನನಗೆ ಏನೂ ಗೊತ್ತಿಲ್ಲ ಅಂದರೆ ಬೇಸರಪಡ್ತಾರೆ. ಸವಿತಾಗೂ ದುಃಖವಾಗುತ್ತೆ" ಎಂದ.

ಆಗ ನಾನು ಏನು ಮಾಡಬೇಕಿತ್ತು? ಬುದ್ಧಿಯಿದ್ದವನು ಇಬ್ಬರನ್ನೂ ಎದುರುಬದುರು ಕೂರಿಸಿ ನಕ್ಕು ಮುಗಿಸುತ್ತಿದ್ದ. ನನಗೆ ಹೊಳೆದದ್ದು ಒಂದೇ, ಕೇಳುವವನೊಬ್ಬ ಸಿಕ್ಕಿದ್ದಾನೆ ಎಂದು. ಸಿಂಕಿಗೆ ಒರಗಿ ಮೊದಲ ಎಸೆತದಿಂದ ಶುರುಮಾಡಿದೆ. ನ್ಯೂಯಾರ್ಕಿನ ಬಲ, ಬಾಸ್ಟನ್ನಿನ ದೌರ್ಬಲ್ಯ, ನಾಳೆ ಏನಾಗುತ್ತದೆ, ಏಕೆ ಆಗಲೇಬೇಕು. ಡ್ಯಾನ್ ವಿನಯದಿಂದ ಕೇಳಿದ. ಆದರೆ ಅವನ ಕಣ್ಣು ಬಾಗಿಲಿನ ಸಂದಿಯಿಂದ ಅಡುಗೆಮನೆಯ ಕಡೆಗೇ ಜಾರುತ್ತಿತ್ತು. ಪಟಪಟ ಎಂದು ಹಿಟ್ಟು ಬಡಿಯುವ ಸದ್ದು. ನಾನು ಅತ್ಯಂತ ಮುಖ್ಯವಾದ ಘಟ್ಟಕ್ಕೆ ಬಂದಾಗ ಅವನು, "ಕ್ಷಮಿಸಿ, ಅದು ಯಾವ ಹಿಟ್ಟು? ನಾನು ಮನೆಯಲ್ಲಿ ಬ್ರೆಡ್ ಮಾಡ್ತೀನಿ. ಗೋಧಿಯಲ್ಲದಿದ್ದರೆ ಅದು ಹರಿಯದೆ ಹೇಗೆ ನಿಲ್ಲುತ್ತೆ?" ಎಂದ. ನನಗೆ ರೇಗಿತು. "ಅದೆಲ್ಲ ನಿಮ್ಮ ಮಾವನವರನ್ನ ಕೇಳಿ" ಎಂದೆ.

ಅವನು ನೇರವಾಗಿ ಹೋಗಿ ಕೇಳಿದ. ಪಾಟೀಲರು ಮೊದಲು ಬೆಚ್ಚಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ತಮ್ಮ ಹೊಲದ ಕರಿಮಣ್ಣಿನಿಂದ ಶುರುವಾಯಿತು. ಹಿಂಗಾರಿ ಬಿತ್ತನೆ, ಹಾಲುಗಾಳಿನ ತೆನೆ ಸುಟ್ಟು ತಿನ್ನುವ ಸೀತನಿ, ಹಿಟ್ಟು ಹಳೆಯದಾದರೆ ಯಾಕೆ ಜಿಗಿ ಹೋಗುತ್ತದೆ, ಬಿಸಿನೀರು ಎಷ್ಟು ಕುದಿಯಬೇಕು. ವಿಜಾಪುರ ಬಿಟ್ಟ ಮೇಲೆ ಈ ಮನುಷ್ಯನನ್ನು ಯಾರೂ ಜೋಳದ ಬಗ್ಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಇಂಗ್ಲಿಷಿನಲ್ಲಿ ಸಿಗದ ಪದಗಳಿಗೆ ಅವರು ಕೈಯಲ್ಲೇ ರೊಟ್ಟಿ ಬಡಿದು ತೋರಿಸಿದರು. ಡ್ಯಾನ್ ಎದ್ದು ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಒಂದು ರೊಟ್ಟಿ ಬಡಿದ. ಅದು ಹರಿದು ಮೂರು ಚೂರಾಗಿ ಹಂಚಿಗೆ ಬಿತ್ತು. "ಇರ್ಲಿ ಇರ್ಲಿ, ನನ್ನ ಕೈಯಾಗೂ ಹಂಗ ಆಗೂದು!" ಎಂದು ಪಾಟೀಲರು ಕನ್ನಡದಲ್ಲೇ ಕೂಗಿದರು. ಅರ್ಥವಾಗದಿದ್ದರೂ ಡ್ಯಾನ್ ಗಟ್ಟಿಯಾಗಿ ನಕ್ಕ. ಸವಿತಾ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಒಮ್ಮೆ, ಸೆರಗಿಲ್ಲದ್ದರಿಂದ, ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಚಹಾ ಮುಗಿದು ನಾವು ಹೊರಡುವವರೆಗೂ ಬೇಸ್‌ಬಾಲ್ ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ.

ಮರುದಿನದಿಂದ ಬಾಸ್ಟನ್ ಗೆಲ್ಲತೊಡಗಿತು. ಒಂದು ಗೆದ್ದರು, ಎರಡು ಗೆದ್ದರು, ಯಾರೂ ಮಾಡಿರದ ಹಾಗೆ ನಾಲ್ಕನ್ನೂ ಗೆದ್ದು ಫೈನಲ್ಲಿಗೆ ಹೋದರು. ನಾನು ನಾಚಿಕೆಗೆ ಸಿದ್ಧನಾಗಿ ಪಾಟೀಲರ ಫೋನಿಗೆ ಕಾದೆ. ಬರಲಿಲ್ಲ. ಕೊನೆಗೆ ನಾನೇ ಮಾಡಿ, "ನಾನು ಹೇಳಿದ್ದು ತಪ್ಪಾಯ್ತು ಪಾಟೀಲ್ರೇ, ನಿಮ್ಮ ಬಾಸ್ಟನ್ ಗೆದ್ದುಬಿಡ್ತು" ಎಂದೆ. "ಹೌದೇನು? ಛಲೋ ಆತು ಬಿಡ್ರಿ" ಎಂದು, ಅಲ್ಲಿಂದಲೇ ತಿರುಗಿ, "ಡ್ಯಾನ್, ಯುವರ್ ಬಾಸ್ಟನ್ ವನ್!" ಎಂದು ಕೂಗಿದರು. "ಓ, ಗುಡ್" ಎಂದು ದೂರದಿಂದ ಒಂದು ದನಿ ಬಂತು. ಒಂದು ಊರಿಗೆ ಊರೇ ಬೀದಿಯಲ್ಲಿ ಕುಣಿಯುತ್ತಿರುವಾಗ ಅದರ ಒಬ್ಬ ಪ್ರಜೆ ರೇನರ್ಸ್ ಲೇನ್‌ನಲ್ಲಿ ರೊಟ್ಟಿ ಸುಡುತ್ತಿದ್ದ.

ಆದರೂ ಫೈನಲ್ ಉಳಿದಿತ್ತಲ್ಲ. ಆ ಶನಿವಾರ ಬೆಳಿಗ್ಗೆ ತಡೆಯಲಾಗದೆ ಮತ್ತೆ ಫೋನ್ ಮಾಡಿದೆ. ಯಾರೋ ಎತ್ತಿದ ಸದ್ದಾಯಿತು. ಕೇಳುವ ಮೊದಲೇ ಹೇಳಿಬಿಡೋಣವೆಂದು ಒಂದೇ ಉಸಿರಿನಲ್ಲಿ ಶುರುಮಾಡಿದೆ. ಬಾಸ್ಟನ್ ಇಲ್ಲಿಯವರೆಗೆ ಬಂದದ್ದು ಸರಿ, ಆದರೆ ಫೈನಲ್ಲಿನಲ್ಲಿ ಸೋಲುತ್ತದೆ, ಈ ಕಾರಣಕ್ಕೆ, ಆ ಕಾರಣಕ್ಕೆ. ಅತ್ತಲಿಂದ ಹಿತವಾಗಿ "ಹೂಂ... ಹೂಂ..." ಎಂದು ಕೇಳುತ್ತಿತ್ತು. ಇಷ್ಟು ತಾಳ್ಮೆಯಿಂದ ಪಾಟೀಲರು ಎಂದೂ ಕೇಳಿರಲಿಲ್ಲ. ಎಲ್ಲ ಮುಗಿಸಿ, "ಏನಂತೀರಿ ಪಾಟೀಲ್ರೇ?" ಎಂದೆ.

"ಅವರಿಲ್ರೀ ಡಾಕ್ಟ್ರ" ಎಂದಿತು ಶಾಂತಕ್ಕನ ದನಿ, ಮೆಲ್ಲಗೆ. "ಮಾವ ಅಳಿಯ ಇಬ್ಬರೂ ಕೂಡಿ ಜ್ವಾಳದ ಹಿಟ್ಟು ತರಾಕ ಕಿಂಗ್ಸ್‌ಬರಿ ಅಂಗಡಿಗೆ ಹೋಗ್ಯಾರ. ನನ್ನ ತೊಡೀ ಮ್ಯಾಲ ಮೊಮ್ಮಗ ಮಲಗ್ಯಾನ್ರೀ, ಏಳಾಕ ಬರಂಗಿಲ್ಲ. ನೀವು ಹೇಳ್ರಿ, ನಾ ಕುಂತು ಕೇಳ್ತೀನಿ. ಆದ್ರ ಮೊದಲಿಂದು ಸ್ವಲ್ಪ ತಿಳೀಲಿಲ್ಲ. ಇದು ಯಾವ ಆಟ ಅಂದ್ರಿ?"

ನಾನು ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಶುರುಮಾಡಿದೆ.