ಅತ್ತೆಯ ದ್ವೀಪ, ಅಥವಾ ನಾವು ಸ್ವಿಚ್ ಕೊಂಡ ಕಾರಣಗಳು

ಕೊರೊನಾ ಕಾಲವೆಂದರೆ ಏನೂ ನಡೆಯದ ಕಾಲ ಅಂತ ಜನ ಹೇಳುತ್ತಾರೆ. ನೆದರ್‌ಲ್ಯಾಂಡ್ಸಿನ ನ್ಯೂವೆಗೈನ್ ಊರಿನ ನಮ್ಮ ಮನೆಯಲ್ಲಿ ಮಾತ್ರ ಹೊರಗೆ ಕಾಲಿಡುವುದು ನಿಂತ ಮೇಲೆಯೇ ಒಂದರ ಹಿಂದೊಂದು ಪ್ರಸಂಗಗಳು ಶುರುವಾದವು. ಹೆಚ್ಚಿನವಕ್ಕೆ ಕಾರಣ ಸ್ವಿಚ್ ಅನ್ನುವ ಆಟದ ಡಬ್ಬಿ. ಅದನ್ನು ಟಿವಿಗೆ ಸಿಕ್ಕಿಸಿ ಆಡಬಹುದು, ಕಿತ್ತುಕೊಂಡು ಹಾಸಿಗೆಗೂ ಒಯ್ಯಬಹುದು, ಎರಡು ಬದಿಯ ಹಿಡಿಗಳನ್ನು ಬಿಚ್ಚಿ ಹಂಚಿಕೊಂಡರೆ ಇಬ್ಬರು ಆಡಬಹುದು. ಈಗಲೂ ಯಾರಾದರೂ "ತಗೊಳ್ಳಬಹುದಾ?" ಅಂತ ಕೇಳಿದರೆ "ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅನ್ನುತ್ತೇನೆ. ಯಾಕೆ ಅಂದರೆ ಈ ಕತೆಗಳನ್ನು ಹೇಳುತ್ತೇನೆ.

ಗಂಡ ಕೊಟ್ಟ ಕಾರಣ

ನನ್ನ ಗಂಡನಿಗೆ ಸ್ಲೈಡು ಹಾಕದೆ ಮಾತಾಡಲು ಬರುವುದಿಲ್ಲ. ಅದು ಅವನ ಆಫೀಸಿನ ರೋಗ. ಒಂದು ಮಧ್ಯಾಹ್ನ ಅವನು ಮಲಗುವ ಕೋಣೆಯಿಂದ ಅಡುಗೆಮನೆಯಲ್ಲಿದ್ದ ನನಗೆ ಮೀಟಿಂಗ್ ಕರೆ ಕಳಿಸಿದ. ವಿಷಯ: ಸ್ವಿಚ್ ಯಾಕೆ ಬೇಕು. ಮೊದಲ ಸ್ಲೈಡು ವ್ಯಾಯಾಮ. ಎರಡನೆಯದು ಮಗಳ ಬುದ್ಧಿವಿಕಾಸ. ಶಾಲೆ ಮುಚ್ಚಿ ಮನೆಯಲ್ಲೇ ಇದ್ದ ಮಗಳು ಅವನ ಪಕ್ಕದಿಂದ "ಯಾ ಹೋರ್!" ಅಂತ ಡಚ್ಚಿನಲ್ಲಿ ಒಪ್ಪಿಗೆ ಕೊಟ್ಟಳು.

"ಬೇಡ. ಇನ್ನೇನಾದ್ರೂ ಇದ್ಯಾ?" ಅಂದೆ.

ಕೊನೆಯ ಸ್ಲೈಡಿನಲ್ಲಿ ಅವನ ತಾಯಿಯ ಫೋಟೊ ಇತ್ತು. ನಾನು ಒಲೆ ಆರಿಸಿ ಕೂತೆ.

ಅತ್ತೆ ಗದಗಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಹೋಗುವ ಹೊತ್ತಿಗೆ ವಿಮಾನಗಳು ನಿಂತವು. ಓಣಿಯ ತುಂಬ ಮಾತಾಡಿಕೊಂಡಿದ್ದ ಹೆಂಗಸು ಕಾಲುವೆಯ ಬಾತುಕೋಳಿ ನೋಡುತ್ತಾ ಕಿಟಕಿಗೆ ಕೂತುಬಿಟ್ಟರು. ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದರು. ಕೇಳಿದರೆ ಒಂದೇ ಮಾತು, "ನನ್ನ ಊರಿಗೆ ಕಳಸ್ರಿ." ಸಿಕ್ಕಿಬಿದ್ದವರನ್ನು ಭಾರತಕ್ಕೆ ಒಯ್ಯುವ ವಿಶೇಷ ವಿಮಾನಕ್ಕೆ ಹೆಸರು ಬರೆಸಿ, 'ತಾಯಿ ಮನಸ್ಸಿನಿಂದ ಕುಗ್ಗಿಹೋಗಿದ್ದಾರೆ' ಅಂತ ಕಾರಣ ಕೊಟ್ಟಿದ್ದೆವು. ಉತ್ತರ ಬಂದಿರಲಿಲ್ಲ. ಅವರು ಹೀಗೇ ಬತ್ತಿಹೋದರೆ ಏನು ಗತಿ ಅಂತ ನನಗೆ ನಿಜವಾಗಿಯೂ ಭಯವಾಗಿತ್ತು.

"ಅವ್ವನ ಬ್ಯಾಸರ ಕಳೀತೈತಿ," ಅಂದ ಗಂಡ.

ತನಗೆ ಆಟಿಕೆ ಬೇಕು ಅಂತ ಹೆತ್ತವ್ವನನ್ನೇ ಸ್ಲೈಡಿಗೆ ಹಾಕಿದ ಮಗನನ್ನು ನಾನು ನೋಡಿದ್ದು ಅದೇ ಮೊದಲು.

ಡೆಲ್ಫ್ಟ್‌ನವನ ಕಾರಣ

ಒಪ್ಪಿಕೊಂಡಿದ್ದೇನೋ ಆಯಿತು, ಅಂಗಡಿಗಳಲ್ಲಿ ಸ್ವಿಚ್ ಇರಲಿಲ್ಲ. ದೇಶದ ಗಂಡಂದಿರೆಲ್ಲ ಒಂದೇ ಸ್ಲೈಡು ಹಂಚಿಕೊಂಡಿದ್ದರು ಅಂತ ಕಾಣುತ್ತದೆ. ಕೊನೆಗೆ ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಬೆಂಗಳೂರಿನ ಹುಡುಗನೊಬ್ಬ ತನ್ನದನ್ನು ಮಾರುತ್ತೇನೆ ಅಂದ. ಸ್ಟೇಷನ್ನಿನ ಬೆಂಚಿನ ಮೇಲೆ ಡಬ್ಬಿ ಇಟ್ಟು ಒಂದೂವರೆ ಮೀಟರ್ ಹಿಂದೆ ಸರಿದು ನಿಂತ. ನಾನು ಮುಂದೆ ಹೋಗಿ ಎತ್ತಿಕೊಂಡೆ. ನೋಡಿದವರು ನಮ್ಮಿಬ್ಬರನ್ನೂ ಕಳ್ಳಸಾಗಣೆಯವರು ಅಂದುಕೊಂಡಿರಬೇಕು.

"ಇಷ್ಟು ಚೆನ್ನಾಗಿರೋದನ್ನ ಯಾಕಪ್ಪ ಮಾರ್ತಿದ್ದೀಯ?"

"ಚೆನ್ನಾಗಿರೋದೇ ಪ್ರಾಬ್ಲಮ್ಮು ಅಕ್ಕ. ಇದು ರೂಮಲ್ಲಿದ್ರೆ ನನ್ನ ಥೀಸಿಸ್ ಆಗಲ್ಲ."

ಮುಂದಿನ ವಾರ ಅವನದೇ ಫೋನು. "ಅಕ್ಕ, ಚೆನ್ನಾಗಿ ನೋಡ್ಕೊಳ್ತಿದ್ದೀರಾ?"

ಯಾರನ್ನು ಅಂತ ಕೇಳಲಿಲ್ಲ. "ಥೀಸಿಸ್ ಎಲ್ಲಿಗೆ ಬಂತು?" ಅಂದೆ.

"ಈಗ ಬರೀದೇ ಇರೋದಕ್ಕೆ ಕಾರಣಾನೂ ಉಳಿದಿಲ್ಲ ಅಕ್ಕ. ತುಂಬಾ ಕಷ್ಟ ಆಗ್ತಿದೆ."

ಎರಡು ರಾಹುಕಾಲ

ಡಬ್ಬಿ ಮನೆಗೆ ಬಂದ ಮಾರನೇ ಬೆಳಗ್ಗೆ ಗಂಡ ಅದನ್ನು ಬಿಚ್ಚಲು ಕೂತ. ವಾರಗಳ ಮೇಲೆ ಅತ್ತೆಯ ಬಾಯಿಂದ ಪೂರ್ತಿ ಒಂದು ವಾಕ್ಯ ಬಂತು.

"ಪೂಜಿ ಆಗೂ ಮಟ ಯಾರೂ ಮುಟ್ಟಬ್ಯಾಡ್ರಿ."

ಹೊಸ ಯಂತ್ರ ಬಂದರೆ ಅರಿಸಿನ ಕುಂಕುಮ ಏರಿಸದೆ ಚಾಲೂ ಮಾಡುವ ಮನೆತನ ಅದಲ್ಲ. ಬೈಕಿಗೂ ಆಗಿತ್ತು, ಮಿಕ್ಸರಿಗೂ ಆಗಿತ್ತು. ಆದರೆ ಆಗ ರಾಹುಕಾಲ ಅಂದರು.

"ಯವ್ವಾ, ಅದು ಗದಗಿನ ಟೈಮು. ಇಲ್ಲಿ ರಾಹುಕಾಲ ಸಂಜಿಗೆ," ಅಂದ ಮಗ. ಇಂಥ ಲೆಕ್ಕದಲ್ಲಿ ಬಲು ಜಾಣ. ಇಲ್ಲಿಯ ಸೂರ್ಯೋದಯ ನೋಡಿ ಗುಣಿಸಿ ಭಾಗಿಸಿ ತೋರಿಸಿದ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಹಂಗಾರ ಸಂಜಿಕೂ ಬ್ಯಾಡ. ನಾವು ಗದಗಿನವರು, ಇರೂದು ಇಲ್ಲಿ. ಎರಡೂ ಬಿಡಬೇಕು."

ಎರಡರ ನಡುವೆ ಬಿಡುವಿದೆ ಅಂತ ಅವನು ತೆಂಗಿನಕಾಯಿ ಹಿಡಿದುಕೊಂಡು ಕಾದ. ಸರಿಯಾಗಿ ಆ ಬಿಡುವಿನಲ್ಲಿ ಅವನ ಮ್ಯಾನೇಜರ್ ಮೀಟಿಂಗ್ ಕರೆದ. ಅದು ಮುಗಿಯುವಷ್ಟರಲ್ಲಿ ಇಲ್ಲಿಯ ರಾಹುಕಾಲ ಶುರುವಾಗಿತ್ತು.

"ಮೂರನೇದು ಇರೂದ ನನಗ ಗೊತ್ತಿರಲಿಲ್ಲ," ಅಂದರು ಅತ್ತೆ.

ಉಡಿ ತುಂಬಿದ್ದು

ಅಂತೂ ಮಾರನೇ ದಿನ ಪೂಜೆ ಮುಗಿದು ಡಬ್ಬಿ ಚಾಲೂ ಆಯಿತು. ಅದರಲ್ಲಿ ಒಂದು ಆಟವಿತ್ತು. ನಮಗೊಂದು ದ್ವೀಪ ಕೊಡುತ್ತಾರೆ. ಡೇರೆ ಹಾಕಿಕೊಂಡು ಇರಬೇಕು, ಗಿಡ ನೆಡಬೇಕು, ಮೀನು ಹಿಡಿಯಬೇಕು, ಮನೆ ಕಟ್ಟಬೇಕು. ನಮ್ಮ ಹಾಗೆ ದ್ವೀಪ ಇಟ್ಟುಕೊಂಡವರು ತಮ್ಮ ಮನೆಯಿಂದಲೇ ಆಟದೊಳಗಿನ ವಿಮಾನ ಹತ್ತಿ ನಮ್ಮಲ್ಲಿಗೆ ಬರಬಹುದು. ಮಗಳು ಅಜ್ಜಿಯ ಕೈಗೆ ಹಿಡಿ ಕೊಟ್ಟು ಅರ್ಧ ಡಚ್ಚು, ಅರ್ಧ ಇಂಗ್ಲಿಷಿನಲ್ಲಿ ಪಾಠ ಮಾಡಿದಳು. ಅತ್ತೆ ಗದಗಿನ ಕನ್ನಡದಲ್ಲಿ ಕಲಿತರು. ನಾನು ನಡುವೆ ತರ್ಜುಮೆಗೆ ಹೋದರೆ ಇಬ್ಬರೂ ಬೈದರು.

ಅತ್ತೆ ಕಟ್ಟಾ ಶಾಕಾಹಾರಿ. ಮೊದಲ ಮೀನು ಗಾಳಕ್ಕೆ ಸಿಕ್ಕಾಗ "ಶಿವ ಶಿವ" ಅಂದು ನೀರಿಗೆ ಬಿಡಿಸಿದರು. ಬಿಟ್ಟ ಪುಣ್ಯ ರುಚಿಸಿತೋ ಏನೋ, ಆಮೇಲೆ ದಿನಾ ಹಿಡಿದು ದಿನಾ ಬಿಡತೊಡಗಿದರು.

ಶ್ರಾವಣದ ಒಂದು ಶುಕ್ರವಾರ ಹೋಫ್‌ಡಾರ್ಪ್ ಊರಿನ ನನ್ನ ಗೆಳತಿ ತನ್ನ ಮನೆಯ ಸೋಫಾದಿಂದಲೇ ನಮ್ಮ ದ್ವೀಪಕ್ಕೆ ಬಂದಿಳಿದಳು. ಅತ್ತೆ ಎದ್ದು ಸೀರೆ ಸರಿಮಾಡಿಕೊಂಡರು. "ಶುಕ್ರವಾರ ಮನಿಗೆ ಬಂದ ಮುತ್ತೈದಿನ್ನ ಬರಿಗೈಲೆ ಕಳಸ್ತಾರೇನು?"

ಮೊದಲು ಹಣ್ಣು ಕೊಟ್ಟರು. ಆಮೇಲೆ ಹೂವು. ಆಮೇಲೆ ಕುರ್ಚಿ, ದೀಪ, ಮಗಳು ವಾರಗಟ್ಟಲೆ ಬೆವರು ಸುರಿಸಿ ಮಾಡಿಕೊಂಡ ಬಂಗಾರದ ಸಲಿಕೆ.

"ಅಜ್ಜಿ, ಸ್ಟಾಪ್! ದಟ್ಸ್ ಮೈನ್!" ಮಗಳು ಅಳುವುದೊಂದು ಬಾಕಿ.

"ಸುಮ್ನಿರ. ಬರೀ ತಾಟು ಯಾರೂ ತಿರುಗಿ ಕೊಡೂದಿಲ್ಲ. ಎರಡರಷ್ಟು ಬರ್ತೈತಿ."

ಮಾರನೇ ದಿನ ನಿಜವಾಗಿಯೂ ಎರಡರಷ್ಟು ಬಂತು. ಆದರೆ ಆ ಶುಕ್ರವಾರ ಮಾತ್ರ ಫೋನಿನಲ್ಲಿ ನನ್ನ ಗೆಳತಿಯೇ ಕೈಮುಗಿಯುತ್ತಿದ್ದಳು. "ಅಮ್ಮನಿಗೆ ಹೇಳೇ, ಸಾಕು. ಜೇಬು ತುಂಬಿದೆ, ಇನ್ನು ಹಿಡಿಸಲ್ಲ ಅಂತ ಬರ್ತಿದೆ!"

ಅತ್ತೆ ಟಿವಿಯಲ್ಲಿ ಚಡ್ಡಿ ಹಾಕಿಕೊಂಡು ನಿಂತಿದ್ದ ಅವಳ ಗೊಂಬೆಯನ್ನು ಮೇಲಿಂದ ಕೆಳಗೆ ನೋಡಿದರು.

"ಸೀರಿ ಉಟಗೊಂಡು ಬಂದಿದ್ರ ಸೆರಗಿನಾಗ ಹಿಡೀತಿತ್ತು."

ಸೀಟು ಸಿಕ್ಕಿದ್ದು

ಕಡೆಗೂ ವಿಮಾನದವರ ಕಡೆಯಿಂದ ಫೋನು ಬಂತು. ಸೀಟು ಹಂಚುವ ಕೆಲಸಕ್ಕೆ ಸ್ವಯಂಸೇವಕರಾಗಿ ನಿಂತಿದ್ದ, ಇಲ್ಲೇ ನೆಲೆಸಿದ ಬೆಂಗಳೂರಿನ ಹಿರಿಯರೊಬ್ಬರು. ತೀರಾ ಸಂಕಟದಲ್ಲಿರುವವರಿಗೆ ಮೊದಲ ಸೀಟು, ಅದಕ್ಕೇ ತಾಯಿಯವರನ್ನೇ ವಿಚಾರಿಸಬೇಕು ಅಂದರು. ಸ್ಪೀಕರ್ ಹಾಕಿ ಅತ್ತೆಯ ಮುಂದೆ ಇಟ್ಟೆ. ಅವರ ಕಣ್ಣು ಟಿವಿಯ ಮೇಲಿತ್ತು.

"ತುಂಬಾ ಬೇಜಾರಲ್ಲಿದ್ದೀರಂತಲ್ಲಮ್ಮಾ?"

"ಬ್ಯಾಸರಕ್ಕ ಪುರಸೊತ್ತು ಎಲ್ಲೈತ್ರಿ? ಮುಂಜಾನೆದ್ದು ಗಿಡಕ್ಕ ನೀರು ಹಾಕಬೇಕು, ದಂಡಿಗೆ ಹೋಗಿ ಮೀನ ಹಿಡೀಬೇಕು."

"ಮೀನಾ? ನೀವು ಎಲ್ಲಿದ್ದೀರಮ್ಮಾ?"

"ದ್ವೀಪದಾಗ ರೀ."

"ಒಬ್ರೇ ಇದ್ದೀರಾ?"

"ಒಬ್ಬಾಕಿನ ರೀ. ಮೊಮ್ಮಗಳು ಸಂಜಿಗೆ ಬರ್ತಾಳ. ಮಗಾ ಸೊಸಿ ಈ ಕಡೆ ಹಾಯೂದಿಲ್ಲ."

ನಾನು ಫೋನಿಗೆ ಕೈ ಚಾಚಿದೆ. ಅತ್ತೆ ನನ್ನ ಕೈ ಸರಿಸಿದರು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕುವುದು ಅವರಿಗೆ ಸೇರದು.

"ಇರೋದಕ್ಕೆ ಮನೆ ಇದ್ಯಾ ತಾಯೀ?"

"ಮೊದಲ ಡೇರೆದಾಗ ಇಟ್ಟಿದ್ರು. ಈಗ ನಾನ ದುಡದು ಒಂದ ಖೋಲಿ ಕಟ್ಟಿಸೀನಿ."

"ಊಟಕ್ಕೆ?"

"ಗಿಡ ಅಲುಗಾಡಿಸಿದ್ರ ಹಣ್ಣು ಬೀಳ್ತಾವ್ರಿ."

ಹಿರಿಯರು ದನಿ ಏರಿಸಿದರು. "ಯಾರ್ರೀ ಅಲ್ಲಿ ಸೊಸೆ? ಹೆತ್ತ ತಾಯೀನ ಹೀಗೆ ಬಿಡ್ತಾರೇನ್ರೀ? ನಾಡಿದ್ದಿನ ವಿಮಾನದಲ್ಲಿ ಮೊದಲನೇ ಸೀಟು ಇವರದ್ದೇ! ಎಲ್ಲಿದೆ ಆ ದ್ವೀಪ ಹೇಳಿ, ಕರ್ಕೊಂಡು ಬರೋಕೆ ನಾನೇ ಬರ್ತೀನಿ!"

ವಿವರಿಸುವಷ್ಟರಲ್ಲಿ ನನಗೆ ಬೆವರಿಳಿಯಿತು. ಅದು ಟಿವಿಯೊಳಗಿನ ದ್ವೀಪ, ಅತ್ತೆ ಕೂತಿರುವುದು ನಮ್ಮ ಸೋಫಾದ ಮೇಲೆ, ಈಗಷ್ಟೇ ಮೂರು ರೊಟ್ಟಿ ಆಗಿದೆ ಅಂತೆಲ್ಲ ಹೇಳಿದೆ. ಮೂರು ರೊಟ್ಟಿಯ ಮಾತನ್ನು ಎರಡು ಸಲ ಹೇಳಿದೆ. ಕಿಟಕಿಗೆ ಕೂತಿದ್ದ ಆ ಹೆಂಗಸು ಅಪರಿಚಿತರೊಬ್ಬರ ಹತ್ತಿರ ಇಷ್ಟು ಮಾತಾಡಿದ್ದರು. ಆ ಡಬ್ಬಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹಿರಿಯರು ಬಿದ್ದು ಬಿದ್ದು ನಕ್ಕರು. ನಕ್ಕು ಸುಧಾರಿಸಿಕೊಂಡು, "ಇರಲಿ, ಕೊಟ್ಟ ಸೀಟು ವಾಪಸ್ ತಗೊಳ್ಳಲ್ಲ. ನಾಡಿದ್ದು ಹೊರಡ್ತೀರಾ ತಾಯೀ?" ಅಂದರು.

ತಿಂಗಳುಗಟ್ಟಲೆ ನಾವು ಕಾದಿದ್ದ ಮಾತು ಅದು. ಗಂಡ ಬಾಗಿಲಲ್ಲಿ ಬಂದು ನಿಂತಿದ್ದ. ಅತ್ತೆ ಆಟ ನಿಲ್ಲಿಸಿ ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು.

"ನಾಡಿದ್ದ ಆಗೂದಿಲ್ರಿ, ದ್ವೀಪಕ್ಕ ಐದು ಮುತ್ತೈದೇರನ್ನ ಕರದೀನಿ. ನನ್ನ ಸೀಟು ಪಾಪ ಯಾರರೆ ಅಳಾಕತ್ತಿದ್ರ ಅವರಿಗೆ ಕೊಡ್ರಿ. ನೀವೂ ಮನಿಯವರನ್ನ ಕರಕೊಂಡು ಬರ್ರಲಾ. ವಿಮಾನದ ಚಿಂತಿ ಮಾಡಬ್ಯಾಡ್ರಿ, ನಮ್ಮಲ್ಲಿ ನಿಂತಿಲ್ಲ."