ಪಲೂರಿಯಾದ ಹತ್ತು ಸಾವಿರ

ದಾಂಡೇಲಿಯ ಕಾಗದ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಸಾಹೇಬ ಊರಿಗೆ ಹೊರಡುವಾಗ, ತನ್ನ ಪೆಟ್ಟಿಗೆ ಹೊತ್ತ ಯಲ್ಲಪ್ಪನ ಕೈಯಲ್ಲಿ ಒಂದು ನೋಟು ಇಟ್ಟು ಬೆನ್ನು ತಟ್ಟಿದ. ಒಂದು ಬದಿಗೆ ಮೀಸೆಯ ರಾಜ, ಇನ್ನೊಂದು ಬದಿಗೆ ಮೀನು. ಪಲೂರಿಯಾ ಎಂಬ ಪುಟ್ಟ ದೇಶದ ಹತ್ತು ಸಾವಿರ ತಾರಿ!

ರವಿವಾರ ಬೆಳಗಾಗುವಷ್ಟರಲ್ಲಿ ಸುದ್ದಿ ಕಾರ್ಮಿಕರ ಚಾಳದ ತುಂಬ ಹಬ್ಬಿತು. ಪಕ್ಕದ ಮನೆಯ ಪರಸಪ್ಪನಿಗೆ ತಿಳಿಯದ ವಿಷಯ ಜಗತ್ತಿನಲ್ಲೇ ಇರಲಿಲ್ಲ. ಆತ ನೋಟನ್ನು ಬಿಸಿಲಿಗೆ ಹಿಡಿದು, ಮೂಸಿ, ಒಂದು ತಾರಿಗೆ ನಾಲ್ಕು ರೂಪಾಯಿಗೆ ಮೋಸವಿಲ್ಲ ಎಂದು ತೀರ್ಪು ಕೊಟ್ಟ. ಬ್ಯಾಂಕು ಮುಚ್ಚಿದ್ದರೇನು, ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಸ್ವೆಟರ್ ಮಾರುವ ತಾಶಿ ಇದ್ದಾನೆ. ಅಲ್ಲಿಯ ಬೌದ್ಧ ಮಠಕ್ಕೆ ಬರುವ ಪರದೇಶದವರ ನೋಟೆಲ್ಲ ಅವನಿಗೆ ಗೊತ್ತು ಎಂದ.

"ಆದ್ರ ರೊಕ್ಕಾ ಮನಿಗೆ ಬರೂ ಮೊದಲ ಚಾಳದ ಮಂದಿಗೆ ಊಟಾ ಹಾಕಬೇಕಪಾ. ಇಲ್ಲಂದ್ರ ದೃಷ್ಟಿ ಆಗತೈತಿ."

ಚಾಳದ ಪದ್ಧತಿಯೇ ಅದು. ಬಡ್ತಿ ಬಂದರೂ ಊಟ, ಬೋನಸ್ ಬಂದರೂ ಊಟ. ಯಲ್ಲಪ್ಪನ ಮನೆಯಲ್ಲೋ ಊಟಕ್ಕಾಗುವಂಥದ್ದು ಒಂದೇ ಇತ್ತು: ಹೆಂಡತಿ ಸತ್ತೆವ್ವ ತೇರಗಾಂವದ ತವರಿನಿಂದ ತಂದ ಕೋಳಿ. ಅದು ಇಡುವ ಮೊಟ್ಟೆ ಮಾರಿಯೇ ಮನೆಯ ಚಹಾಪುಡಿ, ಸಕ್ಕರೆ, ಯಲ್ಲಪ್ಪನ ಬೀಡಿ ಎಲ್ಲ ನಡೆಯುತ್ತಿತ್ತು.

"ನೋಟು ಮೊಟ್ಟಿ ಇಡೂದಿಲ್ಲ," ಎಂದಳು ಸತ್ತೆವ್ವ.

"ಸಂಜೀಕ ನೂರು ಕೋಳಿ ತರ್ತೇನಿ, ಸುಮ್ನಿರು."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತಾಯಿತು. ಕೋಳಿ ಸಾರಾಯಿತು. ಚಾಳದವರು ಎಲುಬು ಕೂಡ ಬಿಡಲಿಲ್ಲ. ಸತ್ತೆವ್ವ ಮಾತ್ರ ಮುಟ್ಟಲಿಲ್ಲ. ಎರಡೂ ಕಾಲು ಮುಗಿಸಿದ ಪರಸಪ್ಪ, ಇಷ್ಟು ದೊಡ್ಡ ಆಸ್ತಿಯ ಜೊತೆ ಒಬ್ಬನೇ ಹೋಗಬಾರದೆಂದು ಯಲ್ಲಪ್ಪನ ಖರ್ಚಿನಲ್ಲೇ ಬಸ್ಸು ಹತ್ತಿದ. ನೋಟು ಯಲ್ಲಪ್ಪನ ಟೋಪಿಯ ಮಡಿಕೆಯಲ್ಲಿತ್ತು. ಬಸ್ಸು ಕುಲುಕಿದಾಗೆಲ್ಲ ಅವನ ಕೈ ತಲೆಗೆ ಹೋಗುತ್ತಿತ್ತು. ನಮಸ್ಕಾರವೆಂದು ತಿಳಿದ ಕಂಡಕ್ಟರ್ ಹಳಿಯಾಳದವರೆಗೂ ಮರಳಿ ನಮಸ್ಕರಿಸಿ ಸುಸ್ತಾದ.

ಕಾಲೊನಿಯಲ್ಲಿ ಮನೆಯ ಮುಂದೆ ಮೆಕ್ಕೆಜೋಳ ಬಿಡಿಸುತ್ತಿದ್ದ ತಾಶಿ ನೋಟು ನೋಡಿ ಮೆಲ್ಲಗೆ ನಕ್ಕ.

"ಅಣ್ಣಾ, ಆ ದೇಶದಾಗ ಭಿಕ್ಷಾ ಬೇಡಾವ್ರೂ ಲಕ್ಷಾಧೀಶರು. ಹತ್ತು ಸಾವಿರಕ್ಕ ಒಂದು ಮೊಟ್ಟಿ ಬರತೈತಿ, ಅಷ್ಟ."

ಯಲ್ಲಪ್ಪನ ಮುಖ ನೋಡಿ ತಾಶಿಗೆ ಪಾಪ ಅನಿಸಿತು. ರಾಜನ ಚಿತ್ರ ಗೋಡೆಗೆ ಅಂಟಿಸಲು ಚೆನ್ನಾಗಿದೆ ಎಂದು ನೋಟು ಇಟ್ಟುಕೊಂಡು, ತನ್ನ ಕೋಳಿಗೂಡಿನಿಂದ ಒಂದು ಮೊಟ್ಟೆ ತಂದುಕೊಟ್ಟ. ಪರದೇಶದ ರೊಕ್ಕ ನಂಬಬಾರದೆಂದು ತಾನು ಮೊದಲೇ ಹೇಳಿದ್ದೆ ಎಂದು ಪರಸಪ್ಪ ದಾರಿಯುದ್ದಕ್ಕೂ ಹೇಳುತ್ತ ಬಂದ.

ದೀಪ ಹಚ್ಚುವ ಹೊತ್ತಿಗೆ ಯಲ್ಲಪ್ಪ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಬಂದ. ಸತ್ತೆವ್ವ ಅವನ ಬೆನ್ನ ಹಿಂದೆ ನೂರು ಕೋಳಿಗಳಿಗಾಗಿ ನೋಡಿದಳು. ಆತ ನಾಚಿಕೆಯಿಂದ ಎಲ್ಲ ಹೇಳಿ ಮೊಟ್ಟೆ ಮುಂದಿಟ್ಟ.

"ಮರಿ ಮಾಡ್ಸಿದ್ರ ಮತ್ತ ಕೋಳಿ ಆಗತೈತಿ ನೋಡು," ಎಂದ.

ಆಕೆ ಮೊಟ್ಟೆಯನ್ನು ಮೂಲೆಯ ಖಾಲಿ ಬುಟ್ಟಿಯಲ್ಲಿ, ಹುಲ್ಲಿನ ಮೇಲೆ ಜೋಪಾನವಾಗಿ ಇಟ್ಟಳು.

"ಖರೇ ಐತಿ. ಕಾವಿಗೆ ಕುಂಡ್ರಾಕ ಕೋಳಿ ಇಲ್ಲ. ನೀವ ಕುಂಡರ್ರಿ."